ತಲೆಯಿಲ್ಲದ ಗಣಕಕ್ಕೆ ತಂತಿಯಲ್ಲಿ ಪಾಠ

ಕುಷ್ಟಗಿ ತಾಲೂಕಿನ ಹನುಮಸಾಗರದಿಂದ ಪಾಲಕರೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ: "ನನ್ನ ಮಗ ಬಿ.ಸಿ.ಎ. ಓದುತ್ತಿದ್ದಾನೆ. ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಗಣಕಯಂತ್ರ ತಂದಿದ್ದಾನೆ. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ, ಸಿ.ಡಿ. ಹಾಕುವ ಗೂಡೂ ಇಲ್ಲ. ಕೇಳಿದರೆ 'ಇದು ಸರ್ವರ್, ಇದಕ್ಕೆ ಅವು ಯಾವುವೂ ಬೇಕಿಲ್ಲ, ಎಲ್ಲವನ್ನೂ ತಂತಿಯಲ್ಲೇ ಹಾಕುತ್ತೇನೆ' ಅನ್ನುತ್ತಾನೆ. ಹುಡುಗ ಮೋಸ ಹೋದನೇ? ಇದರಿಂದ ಅವನ ಓದಿಗೆ ಪ್ರಯೋಜನವೇನಾದರೂ ಉಂಟೇ, ಇಲ್ಲ ಬರೀ ಕಾಲಹರಣವೇ?"

ಪ್ರಶ್ನೆ ನ್ಯಾಯವಾದದ್ದು. ಅಂಗಡಿಯಿಂದ ತಂದ ರೇಡಿಯೋಗೆ ಧ್ವನಿಪೆಟ್ಟಿಗೆಯೇ ಇಲ್ಲವೆಂದರೆ ಯಾರಿಗಾದರೂ ಅನುಮಾನ ಬರುವುದಿಲ್ಲವೆ? ಆದರೆ ಹುಡುಗ ಹೇಳಿದ್ದು ನಿಜ. ಪರದೆ, ಕೀಲಿಮಣೆ, ಮೌಸ್ ಯಾವುದೂ ಇಲ್ಲದೆ ಕೆಲಸ ಮಾಡುವ ಗಣಕಗಳಿಗೆ ಇಂಗ್ಲಿಷಿನಲ್ಲಿ 'ಹೆಡ್‌ಲೆಸ್' ಎಂದೇ ಹೆಸರು. ತಲೆಯಿಲ್ಲದವು ಎಂದರ್ಥ. ಇಂಥ ಯಂತ್ರಕ್ಕೆ ಕಾರ್ಯಾಚರಣ ವ್ಯವಸ್ಥೆಯನ್ನು, ಅಂದರೆ ಆಪರೇಟಿಂಗ್ ಸಿಸ್ಟಮನ್ನು, ಜಾಲದ ಮೂಲಕ ತುಂಬುವುದು ಹೇಗೆ, ಅದನ್ನು ಕಲಿಯುವುದರಲ್ಲಿ ಲಾಭವೇನು, ಅಪಾಯವೇನು ಎಂಬುದನ್ನು ಈ ವಾರ ನೋಡೋಣ.

ಕಬಂಧನೂ ಪಹಣಿಯೂ

ಕೊಪ್ಪಳ ಜಿಲ್ಲೆಯವರಿಗೆ ತಲೆಯಿಲ್ಲದ ಜೀವಿ ಹೊಸದೇನಲ್ಲ. ರಾಮಾಯಣದ ಕಬಂಧನನ್ನು ನೆನಪಿಸಿಕೊಳ್ಳಿ. ಅವನಿಗೆ ರುಂಡವಿಲ್ಲ. ಬಾಯಿ ಹೊಟ್ಟೆಯಲ್ಲಿ. ಕೈಗಳು ಮಾತ್ರ ಯೋಜನಗಟ್ಟಲೆ ಉದ್ದ. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಪಂಪಾಸರೋವರದ ದಾರಿ ತೋರಿಸಿ, ಸುಗ್ರೀವನ ಸ್ನೇಹ ಮಾಡು ಎಂದು ಹೇಳಿದವನು ಅವನೇ. ಆ ಪಂಪಾಸರೋವರ ಗಂಗಾವತಿ ತಾಲೂಕಿನ ಆನೆಗೊಂದಿಯ ಹತ್ತಿರವೇ ಇದೆ ಎಂದು ನಾವು ತೋರಿಸುತ್ತೇವೆ. ಸರ್ವರ್ ಎಂಬುದೂ ಹೀಗೆಯೇ. ನೋಡಲು ಮುಖವಿಲ್ಲ, ಆದರೆ ಅದರ ತಂತಿಯ ತೋಳುಗಳು ನೂರಾರು ಮೈಲಿ ಚಾಚಿ, ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತವೆ.

ಹನುಮಸಾಗರದ ರೈತ ನಾಡಕಚೇರಿಗೆ ಹೋಗಿ ಪಹಣಿ ಕೇಳುತ್ತಾನೆ. ಅಲ್ಲಿಯ ಗಣಕಕ್ಕೆ ಪರದೆ ಇದೆ, ಮುದ್ರಣಯಂತ್ರ ಇದೆ. ಆದರೆ ಅವನ ಹೊಲದ ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಸಾಲ ಇವೆಲ್ಲ ಇರುವುದು ಅಲ್ಲಲ್ಲ. ದೂರದ ದತ್ತಾಂಶ ಕೇಂದ್ರದಲ್ಲಿ, ಕಪಾಟಿನಲ್ಲಿ ತಟ್ಟೆ ಜೋಡಿಸಿದ ಹಾಗೆ ಒಂದರ ಮೇಲೊಂದು ಕೂರಿಸಿದ ಸರ್ವರುಗಳಲ್ಲಿ. ಕರ್ನಾಟಕ ಸರ್ಕಾರ ತನ್ನ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಆ ಕೋಣೆಯ ಯಂತ್ರಗಳ ಎದುರು ಯಾರೂ ಕುರ್ಚಿ ಹಾಕಿಕೊಂಡು ಕೂರುವುದಿಲ್ಲ. ಪ್ರತಿಯೊಂದಕ್ಕೂ ಪರದೆ, ಕೀಲಿಮಣೆ ಇಟ್ಟರೆ ಜಾಗವೂ ದಂಡ, ವಿದ್ಯುತ್ತೂ ದಂಡ.

ಇನ್ನೂ ದೊಡ್ಡ ಉದಾಹರಣೆ ಬೇಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ 'ಪರಮ್ ಪ್ರವೇಗ' ಎಂಬ ಸೂಪರ್ ಕಂಪ್ಯೂಟರ್ ಸ್ಥಾಪಿತವಾಯಿತು. ಸೆಕೆಂಡಿಗೆ 3.3 ಪೆಟಾಫ್ಲಾಪ್ಸ್, ಅಂದರೆ ಒಂದು ಸೆಕೆಂಡಿನಲ್ಲಿ 3,300 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಸಾಮರ್ಥ್ಯ ಅದರದು. ಹೆಸರು ಒಂದೇ ಆದರೂ ಅದು ಒಂದು ಯಂತ್ರವಲ್ಲ. ಲೆಕ್ಕ ಮಾಡುವ 624 ಗಣಕಗಳು ಒಟ್ಟಿಗೆ ನೊಗ ಹೊತ್ತ ತಂಡ. ಈಗ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಲಿ. ಒಂದೊಂದು ಯಂತ್ರದ ಮುಂದೆ ಕುಳಿತು, ಪರದೆ ಜೋಡಿಸಿ, ಪ್ರಶ್ನೆಗಳಿಗೆ ಉತ್ತರ ಒತ್ತಿ ಕಾರ್ಯಾಚರಣ ವ್ಯವಸ್ಥೆ ತುಂಬಲು ಅರ್ಧ ಗಂಟೆ ಹಿಡಿಯುತ್ತದೆ ಎನ್ನಿ. 624ಕ್ಕೆ 312 ಗಂಟೆ. ದಿನಕ್ಕೆ 8 ಗಂಟೆ ದುಡಿದರೆ 39 ದಿನ. ಅಷ್ಟರಲ್ಲಿ ಮೊದಲನೆಯದಕ್ಕೆ ಹೊಸ ತಿದ್ದುಪಡಿ ಹಾಕುವ ಕಾಲ ಬಂದಿರುತ್ತದೆ! ಆದ್ದರಿಂದಲೇ ಇಂಥ ತಂಡಗಳಿಗೆ ಒಂದು ಮುಖ್ಯ ಯಂತ್ರದಿಂದ ಜಾಲದ ಮೂಲಕ ಎಲ್ಲಕ್ಕೂ ತಂತ್ರಾಂಶ ಹಂಚುವುದು ವಾಡಿಕೆ.

ಮೊದಲ ಉಸಿರು ಊದುವವರು ಯಾರು?

ಇಲ್ಲೊಂದು ಒಗಟಿದೆ. ಗಣಕಕ್ಕೆ ಜಾಲದಲ್ಲಿ ಮಾತಾಡಲು ತಂತ್ರಾಂಶ ಬೇಕು. ಆ ತಂತ್ರಾಂಶ ಜಾಲದಿಂದಲೇ ಬರಬೇಕು. ಹಾಗಾದರೆ ಖಾಲಿ ಡಿಸ್ಕಿನ ಯಂತ್ರ ಮೊದಲ ಮಾತು ಆಡುವುದಾದರೂ ಹೇಗೆ? ಗಣಕ ಚಾಲೂ ಆಗುವುದಕ್ಕೆ ಇಂಗ್ಲಿಷಿನಲ್ಲಿ 'ಬೂಟ್' ಎನ್ನುತ್ತಾರಷ್ಟೆ. ಅದು ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವುದು ಎಂಬ ಮಾತಿನಿಂದ ಬಂದದ್ದು. ನಮ್ಮ ಮಾತಿನಲ್ಲಿ ಹೇಳುವುದಾದರೆ ತನ್ನ ಹೆಗಲ ಮೇಲೆ ತಾನೇ ಹತ್ತಿ ಕೂರುವುದು.

ಒಗಟಿನ ಉತ್ತರ ಜಾಲದ ಕಾರ್ಡಿನಲ್ಲಿದೆ. ತಂತಿ ಸಿಕ್ಕಿಸುವ ಆ ಭಾಗದಲ್ಲಿ, ಇಲ್ಲವೆ ತಾಯಿಹಲಗೆಯ ಬಯಾಸ್‌ನಲ್ಲಿ, ಅಳಿಯದ ಒಂದು ಪುಟ್ಟ ಕ್ರಮವಿಧಿ ಇರುತ್ತದೆ. ಹುಟ್ಟಿದ ಕೂಸಿಗೆ ಅಳುವುದೊಂದು ಗೊತ್ತಿರುವ ಹಾಗೆ, ಅದಕ್ಕೆ ಕೂಗಿ ಕೇಳುವುದೊಂದು ಗೊತ್ತು.

ಇದರ ಚರಿತ್ರೆ ಸ್ವಾರಸ್ಯವಾಗಿದೆ. 1980ರ ದಶಕದಲ್ಲಿ ಡಿಸ್ಕುಗಳು ಬಹಳ ದುಬಾರಿ. ಆದ್ದರಿಂದ ಡಿಸ್ಕೇ ಇಲ್ಲದ ಗಣಕಗಳನ್ನು ಮೇಜಿನ ಮೇಲಿಟ್ಟು, ಒಂದೇ ದೊಡ್ಡ ಡಿಸ್ಕಿನ ಯಂತ್ರದಿಂದ ಎಲ್ಲವಕ್ಕೂ ಉಣಿಸುವ ಉಪಾಯ ಹೊರಟಿತು. 1984ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು, ಯಂತ್ರವೊಂದು ತನ್ನ ಜಾಲ ವಿಳಾಸವನ್ನು ಕೇಳಿ ತಿಳಿಯುವ ನಿಯಮವನ್ನು ಬರೆದರು. 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ 'ಬೂಟ್‌ಪಿ' ಎಂಬ ಸುಧಾರಿತ ನಿಯಮವನ್ನು ಪ್ರಕಟಿಸಿದರು. 1993ರಲ್ಲಿ ಅದರ ಮಗನಂತೆ 'ಡಿಎಚ್‌ಸಿಪಿ' ಬಂತು. ಇಂದು ನಿಮ್ಮ ಮೊಬೈಲು ಮನೆಯ ವೈಫೈಗೆ ಸೇರಿದಾಗ ವಿಳಾಸ ಪಡೆಯುವುದೂ ಇದೇ ನಿಯಮದಿಂದ. ಇವೆಲ್ಲವನ್ನೂ ಕೂಡಿಸಿ ಇಂಟೆಲ್ ಕಂಪನಿಯು 'ಪಿಎಕ್ಸ್‌ಇ' ಎಂಬ ಪದ್ಧತಿಯನ್ನು ರೂಪಿಸಿತು, ಅದರ 2.1ನೆಯ ಆವೃತ್ತಿ 1999ರದು. ಬಾಯಿಮಾತಿನಲ್ಲಿ ಅದನ್ನು 'ಪಿಕ್ಸಿ' ಅನ್ನುತ್ತಾರೆ. ಅಲ್ಲಿಂದ ಈಚಿನ ಸರ್ವರುಗಳಲ್ಲಿ ಬಹುತೇಕ ಎಲ್ಲದರಲ್ಲೂ, ಕಚೇರಿಯ ಸಾಮಾನ್ಯ ಗಣಕಗಳಲ್ಲೂ ಇದು ಇದೆ.

ಡಂಗುರ ಹಾಕಿ ವಿಳಾಸ ಕೇಳುವುದು

ಈಗ ಗುಂಡಿ ಒತ್ತಿದಾಗ ನಡೆಯುವುದನ್ನು ಹಂತಹಂತವಾಗಿ ನೋಡೋಣ.

ಮೊದಲ ಹಂತ ಡಂಗುರ. ಹೊಸ ಯಂತ್ರಕ್ಕೆ ಯಾರ ಪರಿಚಯವೂ ಇಲ್ಲ. ಅದು ಊರ ನಡುವೆ ನಿಂತು ಡಂಗುರ ಹೊಡೆದಂತೆ ತಂತಿಯಲ್ಲಿರುವ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ: "ನಾನು ಇಂಥವನು, ನನಗೊಂದು ವಿಳಾಸ ಕೊಡಿ, ನಾನು ಓದಬೇಕಾದ ಕಡತ ಎಲ್ಲಿದೆ ಹೇಳಿ." 'ಇಂಥವನು' ಎನ್ನಲು ಅದರ ಬಳಿ ಇರುವುದು ಕಾರ್ಖಾನೆಯಲ್ಲೇ ಅಚ್ಚೊತ್ತಿದ ಮ್ಯಾಕ್ ವಿಳಾಸ. 48 ಬಿಟ್‌ಗಳ ಈ ಸಂಖ್ಯೆಯಲ್ಲಿ ಸುಮಾರು 281 ಲಕ್ಷ ಕೋಟಿ ಬೇರೆ ಬೇರೆ ಗುರುತುಗಳಿಗೆ ಜಾಗವಿದೆ. ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅದನ್ನು 12 ಅಂಕೆ-ಅಕ್ಷರಗಳಾಗಿ ಸಾಮಾನ್ಯವಾಗಿ ಬರೆದಿರುತ್ತಾರೆ. ಮುಖವಿಲ್ಲದ ಯಂತ್ರಕ್ಕೆ ಇದೇ ಗುರುತಿನ ಚೀಟಿ. ಮೊದಲು ಅದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಎರಡನೆಯ ಹಂತ ಉತ್ತರ. ಅದೇ ತಂತಿಯಲ್ಲಿರುವ ಇನ್ನೊಂದು ಗಣಕ, ಅದನ್ನು ಗುರುಯಂತ್ರ ಎಂದು ಕರೆಯೋಣ, ಉತ್ತರ ಕೊಡುತ್ತದೆ: "ನಿನ್ನ ವಿಳಾಸ ಇದು. ನೀನು ಓದಬೇಕಾದ ಕಡತದ ಹೆಸರು ಇದು. ಅದು ನನ್ನಲ್ಲೇ ಇದೆ, ಬಂದು ತೆಗೆದುಕೊ."

ಮೂರನೆಯ ಹಂತ ಸಾಗಣೆ. ಇದಕ್ಕೆ 'ಟಿಎಫ್‌ಟಿಪಿ' ಎಂಬ ಅತಿ ಸರಳ ಪದ್ಧತಿ ಇದೆ. ಕಡತವನ್ನು 512 ಬೈಟುಗಳ ತುಣುಕು ಮಾಡಿ ಒಂದೊಂದಾಗಿ ಕೊಡುವುದು. ಒಂದು ಮುಟ್ಟಿತು ಎಂದು ಆ ಕಡೆಯಿಂದ ಹೇಳಿದ ಮೇಲೆ ಮುಂದಿನದು. ಕಟ್ಟಡದ ಮೇಲೆ ಇಟ್ಟಿಗೆಯನ್ನು ಒಬ್ಬರಿಂದೊಬ್ಬರಿಗೆ ಎಸೆಯುವುದನ್ನು ನೋಡಿದ್ದೀರಲ್ಲ, ಹಾಗೆ. ತುಣುಕುಗಳನ್ನು ಎಣಿಸಲು 16 ಬಿಟ್ಟಿನ ಸಂಖ್ಯೆ ಮಾತ್ರ ಇದ್ದುದರಿಂದ 65,535ರ ಆಚೆ ಲೆಕ್ಕ ಹೋಗದು. ಅಂದರೆ ಸುಮಾರು 32 ಮೆಗಾಬೈಟಿಗಿಂತ ದೊಡ್ಡ ಕಡತಕ್ಕೆ ಮೂಲ ಪದ್ಧತಿ ಸಾಲದು. ತುಣುಕಿನ ಗಾತ್ರವನ್ನೇ ದೊಡ್ಡದು ಮಾಡುವ ತಿದ್ದುಪಡಿ ಆಮೇಲೆ ಬಂದು ಈ ತೊಡಕು ಬಿಡಿಸಿತು.

ನಾಲ್ಕನೆಯ ಹಂತದಲ್ಲಿ ಬಂದ ಪುಟ್ಟ ಕಡತ ಎದ್ದು ನಿಂತು, ತನಗಿಂತ ದೊಡ್ಡದನ್ನು ತರಿಸುತ್ತದೆ. ಅದೇ ಕಾರ್ಯಾಚರಣ ವ್ಯವಸ್ಥೆಯ ತಿರುಳು. ತಿರುಳು ಸ್ಮೃತಿಯಲ್ಲಿ ಕುಳಿತು ಅನುಸ್ಥಾಪಕವನ್ನು, ಅಂದರೆ ಇನ್‌ಸ್ಟಾಲರನ್ನು, ಓಡಿಸುತ್ತದೆ. ಅನುಸ್ಥಾಪಕ ಡಿಸ್ಕನ್ನು ಭಾಗ ಮಾಡಿ, ಉಳಿದದ್ದನ್ನೆಲ್ಲ ಇಳಿಸಿಕೊಂಡು ಬರೆಯುತ್ತದೆ. ಸಣ್ಣವನು ದೊಡ್ಡವನನ್ನು ಕರೆದು, ದೊಡ್ಡವನು ಇಡೀ ಮನೆತನವನ್ನು ಕರೆದ ಹಾಗೆ.

ಪ್ರಶ್ನೆಪತ್ರಿಕೆಗಿಂತ ಮೊದಲೇ ಉತ್ತರಪತ್ರಿಕೆ

ಅನುಸ್ಥಾಪಕ ಸುಮ್ಮನೆ ಕೆಲಸ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತದೆ. ಭಾಷೆ ಯಾವುದು? ದೇಶ ಯಾವುದು? ಡಿಸ್ಕಿನಲ್ಲಿರುವುದನ್ನು ಅಳಿಸಲೇ? ಗುಪ್ತಪದವೇನು? ಪರದೆಯಿಲ್ಲದ ಯಂತ್ರದಲ್ಲಿ ಈ ಪ್ರಶ್ನೆ ಓದುವವರಾರು, ಉತ್ತರಿಸುವವರಾರು?

ದಾರಿ ಎರಡಿವೆ. ಒಂದು, ಉತ್ತರಪತ್ರಿಕೆಯನ್ನು ಮೊದಲೇ ಬರೆದು ಗುರುಯಂತ್ರದಲ್ಲಿ ಇಟ್ಟಿರುವುದು. ಪರೀಕ್ಷೆಯಲ್ಲಿ ಇದು ಅಪರಾಧ, ಇಲ್ಲಿ ಇದೇ ಜಾಣತನ. ಉಚಿತವಾಗಿ ಸಿಗುವ ಲಿನಕ್ಸ್ ವ್ಯವಸ್ಥೆಗಳಲ್ಲಿ ಡೆಬಿಯನ್ ಎಂಬುದೊಂದು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ತರುಣ ಅದನ್ನು ಆರಂಭಿಸಿದ. ಅದರಲ್ಲಿ ಈ ಉತ್ತರಪತ್ರಿಕೆಗೆ 'ಪ್ರಿಸೀಡ್' ಎಂದು ಹೆಸರು. ರೆಡ್ ಹ್ಯಾಟ್ ಬಳಗದಲ್ಲಿ 'ಕಿಕ್‌ಸ್ಟಾರ್ಟ್' ಅನ್ನುತ್ತಾರೆ. ಒಂದು ಸೂಕ್ಷ್ಮ ಗಮನಿಸಿ: ಭಾಷೆ, ದೇಶ ಎಂಬ ಮೊದಲ ಪ್ರಶ್ನೆಗಳು ಜಾಲ ಸಿದ್ಧವಾಗುವ ಮೊದಲೇ, ಅಂದರೆ ಉತ್ತರಪತ್ರಿಕೆ ಕೈಸೇರುವ ಮೊದಲೇ ಬರುತ್ತವೆ. ಅವುಗಳ ಉತ್ತರವನ್ನು ತಿರುಳು ಎಬ್ಬಿಸುವ ಸಾಲಿನಲ್ಲೇ ಸೇರಿಸಬೇಕು, ಇಲ್ಲವೆ ಆ ಪ್ರಶ್ನೆಗಳನ್ನು ಹಿಂದಕ್ಕೆ ಹಾಕು ಎಂದು ಅಲ್ಲೇ ಆಜ್ಞೆ ಕೊಡಬೇಕು. ಅನೇಕರ ಯಂತ್ರ ಮೊದಲ ಸಲ ಮೌನವಾಗಿ ನಿಂತುಬಿಡುವುದು ಇಲ್ಲಿಯೇ. ಅದು ಕೆಟ್ಟಿರುವುದಿಲ್ಲ. ಕಾಣದ ಪರದೆಯ ಮೇಲೆ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತಿರುತ್ತದೆ.

ಎರಡನೆಯ ದಾರಿ ದೂರದಿಂದ ಉತ್ತರಿಸುವುದು. ಡೆಬಿಯನ್ ಅನುಸ್ಥಾಪಕದಲ್ಲಿ 'ನೆಟ್‌ವರ್ಕ್ ಕನ್ಸೋಲ್' ಎಂಬ ಭಾಗವಿದೆ. ಅದಕ್ಕೊಂದು ಗುಪ್ತಪದವನ್ನು ಮೊದಲೇ ಕೊಟ್ಟಿದ್ದರೆ, ಅದು ಮೊದಲ ಒಂದೆರಡು ಹೆಜ್ಜೆ ತಾನೇ ನಡೆದು ಬಾಗಿಲು ತೆರೆದಿಟ್ಟು ಕಾಯುತ್ತದೆ. ನೀವು ನಿಮ್ಮ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ 'ಇನ್‌ಸ್ಟಾಲರ್' ಎಂಬ ಹೆಸರಿನಲ್ಲಿ ಒಳಹೊಕ್ಕರೆ, ಪ್ರಶ್ನೆಗಳೆಲ್ಲ ನಿಮ್ಮ ಪರದೆಯ ಮೇಲೆ ಮೂಡುತ್ತವೆ. ಎಸ್‌ಎಸ್‌ಎಚ್ ಎಂದರೆ ದೂರದ ಯಂತ್ರದೊಡನೆ ಗುಟ್ಟಾಗಿ ಮಾತಾಡುವ ವಿಧಾನ. ಫಿನ್ಲೆಂಡಿನ ತಾತು ಯುಲೋನೆನ್ 1995ರಲ್ಲಿ ರಚಿಸಿದ್ದು. ಮೊದಲ ಸಲ ಕಲಿಯುವವರಿಗೆ ಈ ಎರಡನೆಯ ದಾರಿಯೇ ಒಳ್ಳೆಯದು. ಏನು ನಡೆಯುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ.

ಕನ್ನಡದ ಮಾತು ಬಂದಿತೆಂದು ಹೇಳುತ್ತೇನೆ. ಡೆಬಿಯನ್ ಅನುಸ್ಥಾಪಕದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಅದು ಚಿತ್ರಪರದೆಯ ವಿಧಾನದಲ್ಲಿ ಮಾತ್ರ. ಬರೀ ಅಕ್ಷರಗಳ ಕರಿಪರದೆಯಲ್ಲಿ ನಮ್ಮ ಒತ್ತು, ಕೊಂಬು, ದೀರ್ಘಗಳನ್ನು ಜೋಡಿಸಲು ಬರುವುದಿಲ್ಲ. ತಲೆಯಿಲ್ಲದ ಯಂತ್ರದ ಕೆಲಸಕ್ಕೆ ಸದ್ಯ ಇಂಗ್ಲಿಷೇ ಗತಿ. ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಕನ್ನಡದ ಅರ್ಥದೊಡನೆ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಭಯ ತಾನಾಗಿ ಹೋಗುತ್ತದೆ.

ಮನೆಯಲ್ಲಿ ಮಾಡುವುದಾದರೆ

ಬೇಕಾದ ಸಾಮಾನು ಕಡಿಮೆ. ಪಿಎಕ್ಸ್‌ಇ ಇರುವ ಒಂದು ಹಳೆಯ ಯಂತ್ರ, ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪು, ಇವೆರಡನ್ನು ಕೂಡಿಸುವ ಒಂದು ಜಾಲತಂತಿ. ವೈಫೈಯಲ್ಲಿ ಈ ಕೆಲಸ ಸಾಮಾನ್ಯವಾಗಿ ನಡೆಯದು, ತಂತಿಯೇ ಬೇಕು. ಲ್ಯಾಪ್‌ಟಾಪಿನಲ್ಲಿ 'ಡಿಎನ್ಎಸ್‌ಮಾಸ್ಕ್' ಎಂಬ ಪುಟ್ಟ ಉಚಿತ ತಂತ್ರಾಂಶ ಹಾಕಿದರೆ ವಿಳಾಸ ಕೊಡುವುದು, ಕಡತ ಕೊಡುವುದು ಎರಡನ್ನೂ ಅದೊಂದೇ ಮಾಡುತ್ತದೆ. ಡೆಬಿಯನ್‌ನವರು 'ನೆಟ್‌ಬೂಟ್' ಎಂಬ ಗಂಟನ್ನು ಸಿದ್ಧಪಡಿಸಿ ಇಟ್ಟಿರುತ್ತಾರೆ. ಅದನ್ನು ಬಿಚ್ಚಿ ಒಂದು ಕೋಶದಲ್ಲಿಟ್ಟು, ಆ ಕೋಶ ಇಲ್ಲಿದೆ ಎಂದು ಡಿಎನ್ಎಸ್‌ಮಾಸ್ಕ್‌ಗೆ ತಿಳಿಸಬೇಕು. ಹಳೆಯ ಬಯಾಸ್ ಯಂತ್ರಕ್ಕೆ ಬೇಕಾದ ಮೊದಲ ಕಡತ ಬೇರೆ, ಹೊಸ ಯುಇಎಫ್‌ಐ ಯಂತ್ರಕ್ಕೆ ಬೇರೆ. ಒಂದರದು ಇನ್ನೊಂದಕ್ಕೆ ಕೊಟ್ಟರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಮೊದಲ ದಿನ ಮಾತ್ರ ಒಂದು ಪರದೆ, ಒಂದು ಕೀಲಿಮಣೆ ಎರವಲು ತರಬೇಕಾಗಬಹುದು. ಮನೆಯ ಟಿ.ವಿ.ಯೂ ಆದೀತು, ತಂತಿ ಹೊಂದಿದರೆ. ಏಕೆಂದರೆ ಬಯಾಸ್‌ನಲ್ಲಿ ಮೂರು ಹೊಂದಾಣಿಕೆ ಮಾಡಬೇಕು. ಮೊದಲನೆಯದು, ಡಿಸ್ಕಿನ ಜೊತೆಗೆ ಜಾಲದಿಂದಲೂ ಏಳು ಎಂದು ಹೇಳುವುದು. ಎರಡನೆಯದು, ಕೀಲಿಮಣೆ ಇಲ್ಲದಿದ್ದರೂ ನಿಲ್ಲಬೇಡ ಎಂದು ಹೇಳುವುದು. ಹಳೆಯ ಗಣಕಗಳು 'ಕೀಲಿಮಣೆ ಸಿಗಲಿಲ್ಲ, ಮುಂದುವರಿಯಲು ಎಫ್1 ಕೀಲಿ ಒತ್ತಿ' ಎಂದು ಕೇಳುತ್ತಿದ್ದವು. ಇಲ್ಲದ ಕೀಲಿಮಣೆಯಲ್ಲಿ ಎಫ್1 ಒತ್ತುವುದು ಹೇಗೆಂದು ಯಾರೂ ಯೋಚಿಸಿರಲಿಲ್ಲ! ಮೂರನೆಯದು ನಮ್ಮ ಊರುಗಳಿಗೆ ಅತ್ಯಗತ್ಯ: ವಿದ್ಯುತ್ ಹೋಗಿ ಬಂದಾಗ ತಾನಾಗಿ ಚಾಲೂ ಆಗು ಎಂಬ ಹೊಂದಾಣಿಕೆ. ಇಲ್ಲದಿದ್ದರೆ ಪ್ರತಿ ಸಲ ಕರೆಂಟು ಹೋದಾಗಲೂ ಯಾರಾದರೂ ಹೋಗಿ ಗುಂಡಿ ಒತ್ತಬೇಕು. ದೊಡ್ಡ ಸರ್ವರುಗಳಲ್ಲಿ ಈ ಎರವಲಿನ ಅಗತ್ಯವೂ ಇಲ್ಲ. ಅವುಗಳ ಒಳಗೆ ಇನ್ನೊಂದು ಪುಟ್ಟ ಗಣಕ ಕಾವಲುಗಾರನಂತೆ ಸದಾ ಎಚ್ಚರವಿದ್ದು, ಮುಖ್ಯ ಯಂತ್ರ ಆರಿದ್ದಾಗಲೂ ದೂರದಿಂದ ಗುಂಡಿ ಒತ್ತಲು, ಬಯಾಸ್ ನೋಡಲು ಅವಕಾಶ ಕೊಡುತ್ತದೆ. ಇದಕ್ಕಾಗಿ 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್ಇಸಿ ಕಂಪನಿಗಳು ಕೂಡಿ 'ಐಪಿಎಂಐ' ಎಂಬ ಒಪ್ಪಂದವನ್ನೇ ಮಾಡಿಕೊಂಡವು. ಹಳೆಯ ಸರ್ವರ್ ಕೊಂಡಿದ್ದರೆ ಅದರ ಬೆನ್ನಿನಲ್ಲಿ ಪ್ರತ್ಯೇಕವಾದ ಒಂದು ಜಾಲದ ತೂತು ಇದೆಯೇ ನೋಡಿ.

ಕೊನೆಯಲ್ಲಿ ಎರಡು ಕಡೆ ಹುಡುಗರು ಎಡವುತ್ತಾರೆ. ಅನುಸ್ಥಾಪನೆ ಮುಗಿಯುವ ಮುನ್ನ ಯಾವ ಯಾವ ಸೌಲಭ್ಯ ಬೇಕೆಂದು ಕೇಳುತ್ತದೆ. ಅಲ್ಲಿ 'ಎಸ್‌ಎಸ್‌ಎಚ್ ಸರ್ವರ್' ಎಂಬುದನ್ನು ಆರಿಸಲೇಬೇಕು. ಮರೆತರೆ ಯಂತ್ರ ಚೆನ್ನಾಗಿಯೇ ಓಡುತ್ತದೆ, ಆದರೆ ಒಳಗೆ ಹೋಗಲು ಬಾಗಿಲೇ ಇರುವುದಿಲ್ಲ. ಎರಡನೆಯದು, ಜಾಲದಿಂದ ಏಳುವುದೇ ಮೊದಲ ಆಯ್ಕೆ ಎಂದು ಬಯಾಸ್‌ನಲ್ಲಿ ಬಿಟ್ಟು, ಉತ್ತರಪತ್ರಿಕೆಯನ್ನೂ ಗುರುಯಂತ್ರದಲ್ಲಿ ಹಾಗೇ ಇಟ್ಟರೆ, ಮರುಚಾಲನೆಯಾದಾಗ ಯಂತ್ರ ಮತ್ತೆ ಗುರುವಿನ ಬಳಿ ಹೋಗಿ, ಡಿಸ್ಕು ಅಳಿಸಿ, ಮೊದಲಿನಿಂದ ಪಾಠ ಶುರು ಮಾಡುತ್ತದೆ. ಗಾಣದ ಎತ್ತಿನಂತೆ ರಾತ್ರಿಯಿಡೀ ಸುತ್ತುತ್ತಲೇ ಇರುತ್ತದೆ. ಕೆಲಸ ಮುಗಿದೊಡನೆ ಡಿಎನ್ಎಸ್‌ಮಾಸ್ಕ್ ನಿಲ್ಲಿಸಿ. ಆಮೇಲೆ ಲ್ಯಾಪ್‌ಟಾಪಿನಿಂದ ಹೊಸ ಯಂತ್ರದೊಳಗೆ ಹೋದಾಗ 'ಇದರ ಗುರುತು ಬದಲಾಗಿದೆ, ಎಚ್ಚರ' ಎಂದು ಸಂದೇಶ ಬಂದರೆ ಹೆದರಬೇಡಿ. ಅನುಸ್ಥಾಪಕದ ಗುರುತಿನ ಕೀಲಿ ಬೇರೆ, ಈಗ ಸ್ಥಾಪಿತವಾದ ವ್ಯವಸ್ಥೆಯ ಕೀಲಿ ಬೇರೆ. ಆದರೆ ಬೇರೆ ಯಾವ ದಿನವಾದರೂ ಕಾರಣವಿಲ್ಲದೆ ಈ ಸಂದೇಶ ಬಂದರೆ ಅದನ್ನು ಲಘುವಾಗಿ ಕಾಣಬಾರದು.

ಒಂದೇ ಕೂಗಿಗೆ ಊರೆಲ್ಲ ಅಳಿಸಿದಾಗ

ಇನ್ನು ಅಪಾಯದ ಮಾತು. ಮೇಲೆ ಹೇಳಿದ ಡಂಗುರದ ವಿಧಾನದಲ್ಲಿ ಒಂದು ದೋಷವಿದೆ. ಕೂಗಿದವನಿಗೆ ಯಾರು ಬೇಕಾದರೂ ಉತ್ತರ ಕೊಡಬಹುದು. ಉತ್ತರ ಕೊಟ್ಟವನು ನಿಜವಾದ ಗುರುವೇ ಎಂದು ಪರೀಕ್ಷಿಸುವ ಬುದ್ಧಿ ಆ ಹಳೆಯ ಪದ್ಧತಿಗಿಲ್ಲ. ಆದ್ದರಿಂದ ಈ ಪ್ರಯೋಗವನ್ನು ಕಾಲೇಜಿನ ಪ್ರಯೋಗಾಲಯದ ಜಾಲದಲ್ಲಾಗಲಿ, ಕಚೇರಿಯ ಜಾಲದಲ್ಲಾಗಲಿ ಎಂದೂ ಮಾಡಬಾರದು. ನಿಮ್ಮ ಲ್ಯಾಪ್‌ಟಾಪು ಅಲ್ಲಿಯ ಇತರ ಯಂತ್ರಗಳಿಗೂ ಉತ್ತರ ಕೊಟ್ಟೀತು. ಜಾಲದಿಂದ ಏಳುವಂತೆ ಹೊಂದಿಸಿದ ಯಾವ ಯಂತ್ರವಾದರೂ ಇದ್ದರೆ ಅದರ ಡಿಸ್ಕು ಬೋಳಾಗುತ್ತದೆ. ಮನೆಯಲ್ಲೂ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ ತಂತಿಯನ್ನು ಇದಕ್ಕೆ ಕೂಡಿಸಬೇಡಿ, ಅದೂ ವಿಳಾಸ ಹಂಚುತ್ತದೆ. ಒಂದೇ ಕೂಗಿಗೆ ಇಬ್ಬರು ಉತ್ತರಿಸಿದರೆ ಗೊಂದಲ. ಎರಡೇ ಯಂತ್ರ, ಒಂದೇ ತಂತಿ, ಅಷ್ಟೇ. ಅಂತರ್ಜಾಲ ಬೇಕಾದರೆ ಮೊಬೈಲಿನಿಂದ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನಿಂದ ತಂತಿಗೆ ಹಾಯಿಸಬಹುದು.

ಇದು ಬರೀ ಹೆದರಿಸುವ ಮಾತಲ್ಲ. 2014ರ ಮೇ 14ರಂದು ಅಮೆರಿಕದ ಅಟ್ಲಾಂಟದ ಎಮರಿ ವಿಶ್ವವಿದ್ಯಾಲಯದಲ್ಲಿ, ಜಾಲದ ಮೂಲಕ ವಿಂಡೋಸ್ 7 ತುಂಬುವ ಆಜ್ಞೆಯೊಂದು ಆಕಸ್ಮಿಕವಾಗಿ ಅಲ್ಲಿಯ ಎಲ್ಲ ವಿಂಡೋಸ್ ಗಣಕಗಳಿಗೂ ಹೊರಟುಬಿಟ್ಟಿತು. ಮೇಜಿನ ಗಣಕ, ಲ್ಯಾಪ್‌ಟಾಪು, ಸರ್ವರು ಎನ್ನದೆ ಅಳಿಸಿ ಹೊಸದಾಗಿ ಬರೆಯುವ ಕೆಲಸ ನಡೆಯಿತು. ಗೊತ್ತಾಗಿ ನಿಲ್ಲಿಸಹೊರಡುವ ಹೊತ್ತಿಗೆ, ಆಜ್ಞೆ ಹೊರಡಿಸಿದ ಸರ್ವರು ತನ್ನನ್ನು ತಾನೇ ಅಳಿಸಿಕೊಂಡಿತ್ತು. ಅನುಭವಿಗಳೇ ತುಂಬಿದ ದೊಡ್ಡ ಸಂಸ್ಥೆಯಲ್ಲಿ ನಡೆದದ್ದು ಇದು. 624 ಯಂತ್ರಗಳನ್ನು ಒಂದೇ ಮಾತಿನಲ್ಲಿ ಎಬ್ಬಿಸುವ ಶಕ್ತಿಯೇ, ತಪ್ಪಿದರೆ 624ನ್ನೂ ಒಂದೇ ಮಾತಿನಲ್ಲಿ ಮಲಗಿಸಬಲ್ಲದು.

ಆದ್ದರಿಂದ ಪಾಲಕರು ಒಂದು ನಿಯಮ ಹಾಕಿ. ಅಂಗಡಿಯ ಲೆಕ್ಕ, ಮದುವೆಯ ಫೋಟೋ, ಅಕ್ಕನ ಅಂಕಪಟ್ಟಿ ಇರುವ ಗಣಕ ಈ ಪ್ರಯೋಗಕ್ಕೆ ಇಲ್ಲ. ಹೊಸ ಯಂತ್ರದಲ್ಲೂ ಹಳೆಯ ಮಾಲೀಕರ ಡಿಸ್ಕು ಇದ್ದರೆ ಅದರಲ್ಲೇನಿದೆ ಎಂದು ಕೆದಕದೆ ಅಳಿಸಿಬಿಡುವುದು ಸಭ್ಯತೆ.

ಪಾಲಕರ ಪ್ರಶ್ನೆಗೆ ಉತ್ತರ

ಹುಡುಗ ಮೋಸ ಹೋಗಿಲ್ಲ. ಆದರೆ ಖರ್ಚಿನ ಕಡೆ ಒಂದು ಕಣ್ಣಿರಲಿ. ಹಳೆಯ ಸರ್ವರುಗಳು ಅಗ್ಗಕ್ಕೆ ಸಿಗುತ್ತವೆ, ವಿದ್ಯುತ್ತನ್ನು ಮಾತ್ರ ಧಾರಾಳವಾಗಿ ಕುಡಿಯುತ್ತವೆ. 150 ವ್ಯಾಟ್ ಎಳೆಯುವ ಯಂತ್ರವನ್ನು ಹಗಲುರಾತ್ರಿ ಬಿಟ್ಟರೆ ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108 ಯೂನಿಟ್. ಕಲಿಯುವ ಹೊತ್ತಿನಲ್ಲಿ ಮಾತ್ರ ಚಾಲೂ ಮಾಡಿ, ಮುಗಿದ ಮೇಲೆ ಆರಿಸಲಿ. ಇನ್ನೂ ಯಂತ್ರ ಕೊಳ್ಳದವರು ಹಳೆಯ ಮೇಜಿನ ಗಣಕದಿಂದಲೇ ಆರಂಭಿಸಬಹುದು. 2012ರಲ್ಲಿ ಬಂದ ರಾಸ್‌ಬೆರಿ ಪೈಯಂಥ ಅಂಗೈಯಗಲದ ಗಣಕ ಕೆಲವೇ ವ್ಯಾಟ್‌ಗಳಲ್ಲಿ ಓಡುತ್ತದೆ. ಅದನ್ನೂ ತಲೆಯಿಲ್ಲದೆ ನಡೆಸಬಹುದು.

ಪ್ರಯೋಜನವೇನು ಎಂದಿರಿ. ಪಠ್ಯಪುಸ್ತಕದಲ್ಲಿ ವಿಳಾಸ, ಪ್ರೋಟೋಕಾಲ್, ತಿರುಳು, ಡಿಸ್ಕು ಇವು ಬೇರೆ ಬೇರೆ ಅಧ್ಯಾಯಗಳು. ಹುಡುಗ ಅವನ್ನು ಬೇರೆ ಬೇರೆಯಾಗಿಯೇ ಉರುಹೊಡೆಯುತ್ತಾನೆ. ಈ ಒಂದು ಕೆಲಸದಲ್ಲಿ ಅವೆಲ್ಲ ಒಂದೇ ದಾರಕ್ಕೆ ಬರುತ್ತವೆ. ದತ್ತಾಂಶ ಕೇಂದ್ರಗಳಲ್ಲಿ ವ್ಯವಸ್ಥೆ ನೋಡಿಕೊಳ್ಳುವವರು ಮಾಡುವುದು ಇದೇ ಕೆಲಸ, ಗಾತ್ರ ಮಾತ್ರ ದೊಡ್ಡದು. ಅದಕ್ಕಿಂತ ಮುಖ್ಯ ಮಾತು ಇನ್ನೊಂದಿದೆ. ಪರದೆಯಿಲ್ಲದ ಯಂತ್ರ ಹುಡುಗನಿಗೆ ಊಹಿಸುವುದನ್ನು ಕಲಿಸುತ್ತದೆ. ದೀಪ ಮಿನುಗುತ್ತಿದೆಯೇ? ಡಂಗುರ ಕೇಳಿಸಿತೇ? ವಿಳಾಸ ಕೊಟ್ಟದ್ದು ದಾಖಲಾಗಿದೆಯೇ? ಕಡತ ಹೊರಟಿತೇ? ಒಂದೊಂದೇ ಹಂತ ನೋಡುತ್ತ ತಪ್ಪು ಎಲ್ಲಿದೆ ಎಂದು ಹುಡುಕುವ ತಾಳ್ಮೆ, ವೈದ್ಯನಿಗೂ ರೈತನಿಗೂ ಬೇಕಾದದ್ದೇ.

ಇದಕ್ಕೆ ದೊಡ್ಡ ಶುಲ್ಕದ ತರಬೇತಿ ಬೇಕಿಲ್ಲ. ತಂತ್ರಾಂಶವೂ ಉಚಿತ, ಅದರ ಕೈಪಿಡಿಯೂ ಉಚಿತ. ಕೇರಳದಲ್ಲಿ ಸರ್ಕಾರಿ ಶಾಲೆಗಳ ಗಣಕಗಳು ಲಿನಕ್ಸ್‌ನಲ್ಲೇ ನಡೆಯುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಅಲ್ಲಿಯ ಎಂಟನೆಯ ತರಗತಿಯ ಹುಡುಗಿ ಮಾಡಬಲ್ಲದ್ದನ್ನು ಹನುಮಸಾಗರದ ಕಾಲೇಜು ಹುಡುಗ ಏಕೆ ಮಾಡಲಾರ? ಪರೀಕ್ಷೆಗೆ ತಿಂಗಳಿರುವಾಗ ಯಂತ್ರವನ್ನು ಅಟ್ಟಕ್ಕೇರಿಸಿ, ರಜೆಯಲ್ಲಿ ಇಳಿಸಿದರಾಯಿತು.

ಕೊನೆಗೆ ವಿದ್ಯಾರ್ಥಿಗಳಿಗೊಂದು ಲೆಕ್ಕ. ಕಾಲೇಜಿನ ಪ್ರಯೋಗಾಲಯದಲ್ಲಿ 20 ಗಣಕಗಳು. ಪ್ರತಿಯೊಂದೂ 600 ಮೆಗಾಬೈಟ್ ಇಳಿಸಿಕೊಳ್ಳಬೇಕು. ಹೊರಗಿನ ಅಂತರ್ಜಾಲದ ವೇಗ ಸೆಕೆಂಡಿಗೆ 10 ಮೆಗಾಬಿಟ್, ಒಳಗಿನ ತಂತಿಯ ವೇಗ 100 ಮೆಗಾಬಿಟ್. ಎಲ್ಲವೂ ಹೊರಗಿನಿಂದಲೇ ತಂದುಕೊಂಡರೆ ಎಷ್ಟು ಹೊತ್ತು? ಒಂದು ಸಲ ಗುರುಯಂತ್ರಕ್ಕೆ ಇಳಿಸಿಟ್ಟು, ಅಲ್ಲಿಂದ 20ಕ್ಕೂ ಹಂಚಿದರೆ ಎಷ್ಟು ಹೊತ್ತು? ಒಂದು ಬೈಟಿಗೆ 8 ಬಿಟ್ ಎಂಬುದನ್ನು ಮರೆಯಬೇಡಿ. ಮೊದಲನೆಯದಕ್ಕೆ 160 ನಿಮಿಷ, ಎರಡನೆಯದಕ್ಕೆ ಇಳಿಸಲು 8, ಹಂಚಲು 16, ಒಟ್ಟು 24 ನಿಮಿಷ ಎಂದು ಬಂದರೆ ನಿಮ್ಮ ಲೆಕ್ಕ ಸರಿ. ಗುರುಯಂತ್ರವೊಂದನ್ನು ಊರಲ್ಲೇ ಇಟ್ಟುಕೊಳ್ಳುವುದರ ಬೆಲೆ ಆ 136 ನಿಮಿಷಗಳಲ್ಲಿ ಕಾಣುತ್ತದೆ.